ಉತ್ಕರ್ಷಣ ಒತ್ತಡ ಅಳೆಯುವವರಿಗೆ: ಸೂಜಿಯಿಂದ ವರದಿಯವರೆಗೆ

ಹುಬ್ಬಳ್ಳಿ-ಧಾರವಾಡದ ವೈದ್ಯಕೀಯ ಕಾಲೇಜುಗಳಲ್ಲಾಗಲಿ, ಕರ್ನಾಟಕ ವಿಶ್ವವಿದ್ಯಾಲಯದ ಪ್ರಯೋಗಾಲಯಗಳಲ್ಲಾಗಲಿ ಪ್ರಬಂಧಕ್ಕೆ ವಿಷಯ ಹುಡುಕುವ ವಿದ್ಯಾರ್ಥಿಯ ಕಣ್ಣಿಗೆ ಬೇಗ ಬೀಳುವ ವಿಷಯಗಳಲ್ಲಿ ಉತ್ಕರ್ಷಣ ಒತ್ತಡವೂ ಒಂದು. ವೈದ್ಯರು ಆಕ್ಸಿಡೇಟಿವ್ ಸ್ಟ್ರೆಸ್ ಎನ್ನುವುದು ಇದನ್ನೇ. ಕಾರಣ ಸರಳವಾಗಿದೆ. ಒಂದು ವಾಟರ್ ಬಾತ್, ಬಣ್ಣದ ಗಾಢತೆ ಅಳೆಯುವ ಒಂದು ಸ್ಪೆಕ್ಟ್ರೊಫೋಟೊಮೀಟರ್ ಮತ್ತು ಕೆಲವು ಅಗ್ಗದ ರಾಸಾಯನಿಕಗಳಿದ್ದರೆ ಕೆಲಸ ಶುರುವಾಗುತ್ತದೆ. ಮಧುಮೇಹ, ಮೂತ್ರಪಿಂಡದ ಕಾಯಿಲೆ, ಸಂಧಿವಾತ, ಯಾವುದನ್ನೇ ತೆಗೆದುಕೊಂಡರೂ ರೋಗಿಗಳಲ್ಲಿ ಸಂಖ್ಯೆ ಹೆಚ್ಚೇ ಬರುತ್ತದೆ. ಆ ಸಂಖ್ಯೆ ಬಂದದ್ದು ರೋಗಿಯ ದೇಹದಿಂದಲೋ, ಮೇಜಿನ ಮೇಲೆ ಎರಡು ಗಂಟೆ ಕುಳಿತ ಟ್ಯೂಬಿನಿಂದಲೋ ಎಂದು ಕೇಳುವವರು ಕಡಿಮೆ.

ನಮ್ಮ ಭಾಗದ ಸ್ನಾತಕೋತ್ತರ ವಿದ್ಯಾರ್ಥಿಗಳನ್ನು, ಗದಗ ಮತ್ತು ಹಾವೇರಿಯ ಆಸ್ಪತ್ರೆಗಳಲ್ಲಿದ್ದು ಸಣ್ಣದೊಂದು ಅಧ್ಯಯನ ಮಾಡಬಯಸುವ ವೈದ್ಯರನ್ನು, ಅವರ ಜೊತೆ ದುಡಿಯುವ ಲ್ಯಾಬ್ ತಂತ್ರಜ್ಞರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಈ ಅಳತೆಯ ಹಣೆಬರಹ ಬಹುಪಾಲು ರಕ್ತ ತೆಗೆದ ಮೊದಲ ಅರ್ಧ ಗಂಟೆಯಲ್ಲೇ ತೀರ್ಮಾನವಾಗುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ. ಆದ್ದರಿಂದ ಯಂತ್ರದ ಮಾತಿಗಿಂತ ಟ್ಯೂಬಿನ ಮಾತು ಇಲ್ಲಿ ಹೆಚ್ಚಿದೆ.

ಅಳೆಯುತ್ತಿರುವುದು ಏನನ್ನು?

ಉಸಿರಾಡಿದ ಆಮ್ಲಜನಕದ ಒಂದು ಸಣ್ಣ ಪಾಲು ಜೀವಕೋಶದೊಳಗೆ ಸೂಪರಾಕ್ಸೈಡ್, ಹೈಡ್ರೊಜನ್ ಪೆರಾಕ್ಸೈಡ್, ಹೈಡ್ರಾಕ್ಸಿಲ್ ರ‍್ಯಾಡಿಕಲ್‌ನಂಥ ಚುರುಕಾದ ರೂಪಗಳನ್ನು ತಾಳುತ್ತದೆ. ಇವುಗಳನ್ನು ತಡೆಯಲು ದೇಹ ಕಿಣ್ವಗಳನ್ನೂ ಗ್ಲುಟಾಥಯೋನ್‌ನಂಥ ಸಣ್ಣ ಅಣುಗಳನ್ನೂ ಇಟ್ಟುಕೊಂಡಿದೆ. ದಾಳಿ ಮತ್ತು ರಕ್ಷಣೆಯ ನಡುವಿನ ತೂಕ ದಾಳಿಯ ಕಡೆಗೆ ವಾಲಿದ ಸ್ಥಿತಿಗೆ ಜರ್ಮನಿಯ ಜೀವರಸಾಯನ ವಿಜ್ಞಾನಿ ಹೆಲ್ಮುಟ್ ಸೀಸ್ 1985ರಲ್ಲಿ ಉತ್ಕರ್ಷಣ ಒತ್ತಡ ಎಂಬ ಚೌಕಟ್ಟು ಕೊಟ್ಟರು.

ಹೈಡ್ರಾಕ್ಸಿಲ್ ರ‍್ಯಾಡಿಕಲ್‌ನ ಆಯುಸ್ಸು ಒಂದು ಸೆಕೆಂಡಿನ ಶತಕೋಟಿಯ ಒಂದು ಭಾಗದಷ್ಟು. ಕೈಯಿಂದ ರಕ್ತ ತೆಗೆದು ಲ್ಯಾಬಿಗೆ ಒಯ್ದು ಅದನ್ನು ನೇರವಾಗಿ ಅಳೆಯುವ ಮಾತೇ ಇಲ್ಲ. ಅದು ಕೊಬ್ಬಿಗೆ, ಪ್ರೋಟೀನಿಗೆ, ಡಿಎನ್‌ಎಗೆ ಮಾಡಿಹೋದ ಹಾನಿಯನ್ನು ಅಳೆಯಬಹುದು, ಅಥವಾ ರಕ್ಷಣೆಯ ಸಾಮಗ್ರಿ ಎಷ್ಟು ಖರ್ಚಾಗಿದೆ ಎಂದು ನೋಡಬಹುದು. ಬಯೋಮಾರ್ಕರ್‌ಗಳು, ಅಂದರೆ ಸೂಚಕಗಳು, ಇವೇ. ಪ್ರತಿಯೊಂದೂ ಬೇರೆ ಬೇರೆ ಸಂಗತಿಯನ್ನು ಹೇಳುತ್ತದೆ, ಒಂದರ ಉತ್ತರವನ್ನು ಇನ್ನೊಂದಕ್ಕೆ ಹಚ್ಚಲಾಗದು.

ಮೊದಲ ಹೆಜ್ಜೆ: ಪ್ರಶ್ನೆ ಮತ್ತು ಹೋಲಿಕೆಯ ಗುಂಪು

‘ಮಧುಮೇಹದಲ್ಲಿ ಉತ್ಕರ್ಷಣ ಒತ್ತಡ ಹೆಚ್ಚಿದೆಯೇ’ ಎಂಬ ಪ್ರಶ್ನೆಗೆ ಜಗತ್ತಿನಾದ್ಯಂತ ಹಲವು ಸಲ ಉತ್ತರ ಬಂದಾಗಿದೆ. ಮತ್ತೆ ಅದನ್ನೇ ಕೇಳುವ ಬದಲು ನಮ್ಮ ನೆಲದ ಪ್ರಶ್ನೆ ಕೇಳಿ. ಮುಂಡರಗಿ ಭಾಗದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಸಮಸ್ಯೆ ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಭಾರತೀಯ ಮಾನಕದ ಅಪೇಕ್ಷಿತ ಮಿತಿ. ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಒಪ್ಪುತ್ತಾರೆ. ಫ್ಲೋರೈಡ್ ಹೆಚ್ಚಿರುವ ನೀರು ಕುಡಿಯುವವರಲ್ಲಿ, ಊರಿಗೆ ಶುದ್ಧ ನೀರಿನ ಘಟಕ ಬಂದ ನಂತರ ಕೊಬ್ಬಿನ ಹಾನಿಯ ಸೂಚಕ ಇಳಿಯುತ್ತದೆಯೇ? ಹಾವೇರಿ, ಹುಬ್ಬಳ್ಳಿ, ಗದಗಿನ ಹತ್ತಿ ಜಿನ್ನಿಂಗ್ ಕಾರ್ಖಾನೆಗಳ ದೂಳಿನಲ್ಲಿ ದುಡಿಯುವವರ ಶ್ವಾಸಕೋಶದ ಪರೀಕ್ಷೆಗೂ ಮೂತ್ರದ ಸೂಚಕಕ್ಕೂ ಸಂಬಂಧವಿದೆಯೇ? ಆರ್ಗ್ಯಾನೋಫಾಸ್ಫೇಟ್ ಕೀಟನಾಶಕದ ವಿಷವೇರಿ ಬಂದವರಲ್ಲಿ ಆ ವಿಷಕ್ಕೆ ಸಿಕ್ಕಿ ಕುಗ್ಗುವ ಕೋಲಿನೆಸ್ಟರೇಸ್ ಕಿಣ್ವದ ಜೊತೆಗೆ ಕೊಬ್ಬಿನ ಹಾನಿಯ ಸೂಚಕವಾದ ಎಂಡಿಎ ಅಳೆದರೆ ವೈದ್ಯರಿಗೆ ಹೊಸದೇನಾದರೂ ತಿಳಿಯುತ್ತದೆಯೇ? ಇಂಥ ಪ್ರಶ್ನೆಗಳಿಗೆ ‘ಹೌದು’ ಎಂಬ ಉತ್ತರದಷ್ಟೇ ‘ಇಲ್ಲ’ ಎಂಬ ಉತ್ತರವೂ ಬೆಲೆಯುಳ್ಳದ್ದು.

ಹೋಲಿಕೆಯ ಗುಂಪು ಆರಿಸುವಾಗಲೇ ಬಹಳಷ್ಟು ಅಧ್ಯಯನಗಳು ದಾರಿ ತಪ್ಪುತ್ತವೆ. ಜಿನ್ನಿಂಗ್ ಕಾರ್ಮಿಕರನ್ನು ಕಾಲೇಜಿನ ಸಿಬ್ಬಂದಿಯೊಂದಿಗೆ ಹೋಲಿಸಿದರೆ ಸಿಗುವುದು ದೂಳಿನ ವ್ಯತ್ಯಾಸ ಮಾತ್ರವಲ್ಲ. ಊಟ, ನಿದ್ರೆ, ಬೀಡಿ, ಬಿಸಿಲಿನ ದುಡಿಮೆ ಎಲ್ಲದರ ವ್ಯತ್ಯಾಸವೂ ಅದರಲ್ಲಿ ಬೆರೆತಿರುತ್ತದೆ. ಅದೇ ಊರಿನ, ಅದೇ ವಯಸ್ಸಿನ, ಅಷ್ಟೇ ದುಡಿಯುವ, ದೂಳಿಲ್ಲದ ಕೆಲಸದವರನ್ನು ಹುಡುಕಿ. ತಂಬಾಕಿನ ಪ್ರಶ್ನೆಯನ್ನು ಬಿಡಿಸಿ ಕೇಳಿ. ‘ಸಿಗರೇಟು ಸೇದುತ್ತೀರಾ’ ಎಂದರೆ ‘ಇಲ್ಲ’ ಎನ್ನುವವರು ಬೀಡಿ, ಗುಟ್ಕಾ, ಎಲೆ-ಅಡಿಕೆಯ ಜೊತೆ ತಂಬಾಕು ಬಳಸುತ್ತಿರಬಹುದು. ಧೂಮಪಾನವೊಂದೇ ಕೊಬ್ಬಿನ ಮತ್ತು ಡಿಎನ್‌ಎ ಹಾನಿಯ ಸೂಚಕಗಳೆರಡನ್ನೂ ಏರಿಸುತ್ತದೆ. ವಿಟಮಿನ್ ಮಾತ್ರೆ, ಆಸ್ಪಿರಿನ್, ನೋವಿನ ಮಾತ್ರೆ, ಸ್ಟ್ಯಾಟಿನ್ ತೆಗೆದುಕೊಳ್ಳುವವರನ್ನೂ ಗುರುತು ಹಾಕಿಕೊಳ್ಳಿ.

ನೈತಿಕ ಸಮಿತಿಯ ಅನುಮತಿ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ ಕನ್ನಡದಲ್ಲಿ ಒಪ್ಪಿಗೆ ಪತ್ರ ಇವು ಎಲ್ಲರಿಗೂ ಗೊತ್ತಿರುವ ಕೆಲಸ. ಉಳಿದ ಮಾದರಿಯನ್ನು ಮುಂದಿನ ಸಂಶೋಧನೆಗೆ ಇಟ್ಟುಕೊಳ್ಳುವುದಾದರೆ ಅದಕ್ಕೆ ಬೇರೆಯಾಗಿ ಒಪ್ಪಿಗೆ ಕೇಳಬೇಕೆಂಬುದನ್ನು ಮಾತ್ರ ಮರೆಯಬೇಡಿ.

ಎರಡನೆಯ ಹೆಜ್ಜೆ: ಸೂಚಕದ ಆಯ್ಕೆ

ಕೊಬ್ಬಿನ ಹಾನಿಗೆ ಎಲ್ಲರೂ ಮೊದಲು ಕೈ ಹಾಕುವುದು ಮೆಲೊನ್‌ಡೈಆಲ್ಡಿಹೈಡ್, ಅಂದರೆ ಎಂಡಿಎಗೆ. ಥಯೋಬಾರ್ಬಿಟ್ಯೂರಿಕ್ ಆಮ್ಲದ ಎರಡು ಅಣುಗಳು ಎಂಡಿಎಯ ಒಂದು ಅಣುವಿನೊಂದಿಗೆ ಸೇರಿ ಗುಲಾಬಿ ಬಣ್ಣ ಕೊಡುತ್ತವೆ. ಅದನ್ನು 532 ನ್ಯಾನೋಮೀಟರಿನಲ್ಲಿ ಓದುತ್ತೇವೆ. ಅಗ್ಗ, ಸುಲಭ. ಆದರೆ ಆ ಆಮ್ಲ ಎಂಡಿಎಯನ್ನು ಮಾತ್ರ ಹುಡುಕಿಕೊಂಡು ಹೋಗುವುದಿಲ್ಲ. ಸಯಾಲಿಕ್ ಆಮ್ಲ, ಕೆಲವು ಸಕ್ಕರೆಗಳು, ಇತರ ಆಲ್ಡಿಹೈಡ್‌ಗಳೂ ಅದರೊಂದಿಗೆ ಬಣ್ಣ ತರುತ್ತವೆ, ಕಾಮಾಲೆಯ ರೋಗಿಯ ಬಿಲಿರುಬಿನ್ ಓದಿಗೆ ಅಡ್ಡ ಬರುತ್ತದೆ. ಅದಕ್ಕಿಂತ ಕೆಟ್ಟದ್ದು, 95 ಡಿಗ್ರಿಯಲ್ಲಿ ಕಾಯಿಸುವಾಗ ಮಾದರಿಯಲ್ಲಿದ್ದ ಕೊಬ್ಬು ಅಲ್ಲೇ ಒಡೆದು ಹೊಸ ಎಂಡಿಎ ಹುಟ್ಟುತ್ತದೆ. ಹೀಗಾಗಿ ಈ ಪರೀಕ್ಷೆಯ ಫಲಿತಾಂಶವನ್ನು ‘ಎಂಡಿಎ’ ಎಂದು ಬರೆಯದೆ ‘ಥಯೋಬಾರ್ಬಿಟ್ಯೂರಿಕ್ ಆಮ್ಲದೊಂದಿಗೆ ವರ್ತಿಸುವ ವಸ್ತುಗಳು’ ಎಂದೇ ಬರೆಯುವುದು ಪ್ರಾಮಾಣಿಕತೆ. ದ್ರಾವಣದ ಅಂಶಗಳನ್ನು ಬೇರ್ಪಡಿಸುವ ಎಚ್‌ಪಿಎಲ್‌ಸಿ ಯಂತ್ರ ಸಿಗುವುದಾದರೆ ಗುಲಾಬಿ ವಸ್ತುವನ್ನು ಬೇರ್ಪಡಿಸಿ ಓದಿ. ಸಂಖ್ಯೆ ಗಣನೀಯವಾಗಿ ಇಳಿಯುತ್ತದೆ, ಆದರೆ ಅದು ನಂಬಬಹುದಾದ ಸಂಖ್ಯೆ.

ಕೊಬ್ಬಿನ ಹಾನಿಗೆ ಇಂದು ಅತ್ಯಂತ ಗಟ್ಟಿಯಾದ ಸೂಚಕವೆಂದರೆ ಎಫ್2-ಐಸೊಪ್ರೊಸ್ಟೇನ್. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಜೇಸನ್ ಮಾರೋ ಮತ್ತು ಜಾಕ್ಸನ್ ರಾಬರ್ಟ್ಸ್ 1990ರಲ್ಲಿ ಇದನ್ನು ವಿವರಿಸಿದರು. ಅರಾಕಿಡೋನಿಕ್ ಆಮ್ಲದ ಮೇಲೆ ಫ್ರೀ ರ‍್ಯಾಡಿಕಲ್ ದಾಳಿಯಿಂದ ಇದು ಹುಟ್ಟುತ್ತದೆ, ಮೂತ್ರದಲ್ಲಿ ಸ್ಥಿರವಾಗಿ ಉಳಿಯುತ್ತದೆ. ಇಲಿಗಳಿಗೆ ಕಾರ್ಬನ್ ಟೆಟ್ರಾಕ್ಲೋರೈಡ್ ಕೊಟ್ಟು ಹಲವು ಪ್ರಯೋಗಾಲಯಗಳು ಒಟ್ಟಾಗಿ ಸೂಚಕಗಳನ್ನು ಒರೆಗೆ ಹಚ್ಚಿದ ಅಮೆರಿಕದ ಅಧ್ಯಯನದಲ್ಲಿ ವಿಷದ ಪ್ರಮಾಣಕ್ಕೆ ತಕ್ಕಂತೆ ಏರಿದವುಗಳಲ್ಲಿ ಇದೂ ಇತ್ತು. ತೊಡಕೆಂದರೆ ಸರಿಯಾಗಿ ಅಳೆಯಲು ಅಣುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಬೇಕು. ಎಲೈಸಾ ಕಿಟ್‌ಗಳ ಪ್ರತಿಕಾಯಗಳು ಅದರ ಸೋದರ ಅಣುಗಳನ್ನೂ ಹಿಡಿಯುವುದರಿಂದ ಸಂಖ್ಯೆ ಉಬ್ಬುತ್ತದೆ. ಉರಿಯೂತ ಜೋರಾಗಿದ್ದಾಗ ಇದರ ಒಂದು ಪಾಲು ಕಿಣ್ವದ ಮೂಲಕವೂ ಹುಟ್ಟಬಹುದು. ಆಸ್ಪಿರಿನ್ ಬಗ್ಗೆ ಮೇಲೆ ಎಚ್ಚರಿಸಿದ್ದು ಇದಕ್ಕಾಗಿಯೇ. ಧಾರವಾಡದಲ್ಲಿ ವಿಶ್ವವಿದ್ಯಾಲಯದ ಉಪಕರಣ ಕೇಂದ್ರ, ಕೃಷಿ ವಿಶ್ವವಿದ್ಯಾಲಯ, ಐಐಟಿ ಮೂರೂ ಹತ್ತಿರದಲ್ಲಿವೆ. ಬೇಕಾದ ಬಗೆಯ ಯಂತ್ರ ಯಾರಲ್ಲಿದೆ, ಮನುಷ್ಯರ ಮಾದರಿಯನ್ನು ಯಾರು ಸ್ವೀಕರಿಸುತ್ತಾರೆ, ಒಂದು ಮಾದರಿಗೆ ಶುಲ್ಕವೆಷ್ಟು ಎಂಬುದನ್ನು ಪ್ರಬಂಧದ ರೂಪುರೇಷೆ ಬರೆಯುವ ಮೊದಲೇ ವಿಚಾರಿಸಿ.

ಡಿಎನ್‌ಎ ಹಾನಿಗೆ ಮೂತ್ರದಲ್ಲಿನ 8-ಆಕ್ಸೊ-ಡಿಆಕ್ಸಿಗ್ವಾನೋಸಿನ್, ಅಂದರೆ ಡಿಎನ್‌ಎಯ ಉತ್ಕರ್ಷಿತ ತುಣುಕು. ಬಿಳಿ ರಕ್ತಕಣದ ಡಿಎನ್‌ಎಯಲ್ಲೇ ಇದನ್ನು ಅಳೆಯುವ ಆಸೆ ಬಿಡುವುದು ಒಳ್ಳೆಯದು. ಡಿಎನ್‌ಎ ಬೇರ್ಪಡಿಸುವ ಕ್ರಿಯೆಯೇ ಅದನ್ನು ಉತ್ಕರ್ಷಿಸುತ್ತದೆ. ಹಿಂದೆ ಬೇರೆ ಬೇರೆ ಪ್ರಯೋಗಾಲಯಗಳ ಸಂಖ್ಯೆಗಳ ನಡುವೆ ನೂರಾರು ಪಟ್ಟು ವ್ಯತ್ಯಾಸ ಬಂದಿದ್ದರಿಂದ ಯುರೋಪಿನಲ್ಲಿ ಇದಕ್ಕೆಂದೇ ಒಂದು ಮಾನಕ ಸಮಿತಿ ಹುಟ್ಟಿಕೊಂಡಿತು. ಮೂತ್ರದಲ್ಲಿ ಆ ಭಯ ಕಡಿಮೆ. ಆದರೆ ಮೂತ್ರದ ಸಂಖ್ಯೆ ಇಡೀ ದೇಹದ್ದು, ಯಾವ ಅಂಗದ್ದೆಂದು ಹೇಳಲಾಗದು. ಅಲ್ಲದೆ ಹಾನಿ ಹೆಚ್ಚಿದ್ದರೂ ಅದು ಏರುತ್ತದೆ, ದುರಸ್ತಿ ಚುರುಕಾಗಿದ್ದರೂ ಏರುತ್ತದೆ.

ಪ್ರೋಟೀನಿಗೆ ಕಾರ್ಬೊನಿಲ್ ಪರೀಕ್ಷೆ ಇದೆ; ಉತ್ಕರ್ಷಣೆಯಿಂದ ಪ್ರೋಟೀನಿನಲ್ಲಿ ಹುಟ್ಟುವ ಕಾರ್ಬೊನಿಲ್ ಗುಂಪುಗಳನ್ನು ಅದು ಅಳೆಯುತ್ತದೆ. ಇದರ ಹಾನಿ ರಕ್ತದಲ್ಲಿ ಹೆಚ್ಚು ಕಾಲ ಉಳಿಯುವುದರಿಂದ ದೀರ್ಘಕಾಲದ ಕಾಯಿಲೆಗಳಿಗೆ ಹೊಂದುತ್ತದೆ.

ರಕ್ಷಣೆಯ ಕಡೆಯಿಂದ ಕೆಂಪು ರಕ್ತಕಣದ ಗ್ಲುಟಾಥಯೋನ್, ಅದರ ಉತ್ಕರ್ಷಿತ ರೂಪದೊಂದಿಗಿನ ಅನುಪಾತ, ಸೂಪರಾಕ್ಸೈಡ್ ಡಿಸ್ಮ್ಯುಟೇಸ್, ಕ್ಯಾಟಲೇಸ್, ಗ್ಲುಟಾಥಯೋನ್ ಪೆರಾಕ್ಸಿಡೇಸ್ ಇವೆ. ಕಿಣ್ವಗಳ ವಿಷಯದಲ್ಲಿ ಒಂದು ಮಾತು: ರೋಗದ ಆರಂಭದಲ್ಲಿ ದೇಹ ಪ್ರತಿರೋಧಿಸುತ್ತ ಅವನ್ನು ಹೆಚ್ಚಿಸಬಹುದು, ಮುಂದೆ ಸೋತು ಇಳಿಸಬಹುದು. ಒಬ್ಬರ ಲೇಖನದಲ್ಲಿ ಏರಿಕೆ, ಇನ್ನೊಬ್ಬರದರಲ್ಲಿ ಇಳಿಕೆ ಕಂಡರೆ ಗಾಬರಿ ಬೇಡ, ರೋಗಿಗಳು ಯಾವ ಹಂತದಲ್ಲಿದ್ದರು ಎಂದು ನೋಡಿ.

ಒಂದೇ ಸೂಚಕದ ಮೇಲೆ ಇಡೀ ಪ್ರಬಂಧ ನಿಲ್ಲಿಸಬೇಡಿ. ಹಾನಿಯದೊಂದು, ರಕ್ಷಣೆಯದೊಂದು, ಸಾಧ್ಯವಾದರೆ ಮೂತ್ರದ್ದೊಂದು ಹೀಗೆ ಮೂರು ಇಟ್ಟುಕೊಂಡರೆ ಸಾಕು. ಹತ್ತು ಸೂಚಕ ಅಳೆದು ಅವುಗಳಲ್ಲಿ ಚೆನ್ನಾಗಿ ಬಂದ ಎರಡನ್ನು ಮಾತ್ರ ಬರೆಯುವುದು ವಿಜ್ಞಾನಕ್ಕೆ ಮಾಡುವ ಅನ್ಯಾಯ.

ಮೂರನೆಯ ಹೆಜ್ಜೆ: ರಕ್ತ ತೆಗೆಯುವುದು

ಇಲ್ಲಿ ನಿಧಾನವಾಗಿ ಓದಿ. ಹೆಚ್ಚಿಟ್ಟ ಬದನೆಕಾಯಿ ಗಾಳಿಗೆ ಕಪ್ಪಾಗುವಂತೆ, ಟ್ಯೂಬಿಗೆ ಇಳಿದ ರಕ್ತವೂ ಆ ಕ್ಷಣದಿಂದಲೇ ಉತ್ಕರ್ಷಣೆಗೊಳ್ಳಲು ತೊಡಗುತ್ತದೆ. ನಾವು ಮಾಡುವ ಪ್ರತಿಯೊಂದು ಎಚ್ಚರಿಕೆಯೂ ಅದನ್ನು ನಿಲ್ಲಿಸುವ ಸಲುವಾಗಿ.

ರಾತ್ರಿ ಊಟದ ನಂತರ ಏನೂ ತಿನ್ನದೆ ಬೆಳಿಗ್ಗೆ ಬರಲು ಹೇಳಿ. ಹಿಂದಿನ ದಿನ ಕರಿದ ಮಿರ್ಚಿ ಭಜಿ, ಮತ್ತೆ ಮತ್ತೆ ಕಾಯಿಸಿದ ಎಣ್ಣೆಯ ತಿಂಡಿ ಬೇಡವೆಂದು ಸ್ಪಷ್ಟವಾಗಿ ತಿಳಿಸಿ. ಆಹಾರದಲ್ಲಿನ ಎಂಡಿಎ ಮೂತ್ರದ ಸಂಖ್ಯೆಯನ್ನು ನೇರವಾಗಿ ಏರಿಸುತ್ತದೆ. ಹಳ್ಳಿಯಿಂದ ಬಸ್ ಹಿಡಿದು, ನಿಲ್ದಾಣದಿಂದ ಅವಸರದಲ್ಲಿ ನಡೆದು ಬಂದವರನ್ನು ತಕ್ಷಣ ಸೂಜಿಗೆ ಕೂರಿಸಬೇಡಿ. ಅರ್ಧ ಗಂಟೆಯಾದರೂ ಕುಳಿತು ದಣಿವು ಆರಲಿ, ಏಕೆಂದರೆ ಜೋರಾದ ದೈಹಿಕ ಶ್ರಮ ಕೊಬ್ಬಿನ ಹಾನಿಯ ಸೂಚಕಗಳನ್ನು ತಾತ್ಕಾಲಿಕವಾಗಿ ಏರಿಸುತ್ತದೆ. ಹಿಂದಿನ ದಿನ ಹೊಲದಲ್ಲಿ ಔಷಧಿ ಸಿಂಪಡಿಸಿದ್ದರೆ ಅದನ್ನೂ ಬರೆದುಕೊಳ್ಳಿ.

ಯಾವ ಟ್ಯೂಬ್? ಕೊಬ್ಬಿನ ಸೂಚಕಗಳಿಗೆ ಇಡಿಟಿಎ ಟ್ಯೂಬ್ ಒಳ್ಳೆಯದು. ಅದು ಕಬ್ಬಿಣದ ಅಯಾನುಗಳನ್ನು ಕಟ್ಟಿಹಾಕುವುದರಿಂದ ಟ್ಯೂಬಿನೊಳಗಿನ ಉತ್ಕರ್ಷಣೆ ಕುಗ್ಗುತ್ತದೆ. ಆದರೆ ಒಟ್ಟು ಉತ್ಕರ್ಷಣ ನಿರೋಧಕ ಶಕ್ತಿಗೆ ಬಳಸುವ ಫ್ರಾಪ್ ಪರೀಕ್ಷೆಗೆ ಅದೇ ಇಡಿಟಿಎ ಶತ್ರು. ಆ ಪರೀಕ್ಷೆ ನಿಂತಿರುವುದೇ ಕಬ್ಬಿಣದ ಬಣ್ಣದ ಮೇಲೆ, ಹಾಗಾಗಿ ಅದಕ್ಕೆ ಹೆಪಾರಿನ್ ಪ್ಲಾಸ್ಮಾ ಅಥವಾ ಸೀರಂ ಬೇಕು. ಒಂದೇ ಟ್ಯೂಬಿನಿಂದ ಎಲ್ಲವನ್ನೂ ಮಾಡುವ ಉಳಿತಾಯ ಇಲ್ಲಿ ನಷ್ಟಕ್ಕೆ ದಾರಿ.

ರಕ್ತಕಣ ಒಡೆಯದಂತೆ ನೋಡಿಕೊಳ್ಳಿ. ಸಣ್ಣ ಸೂಜಿಯಿಂದ ಬಲವಂತವಾಗಿ ಎಳೆಯುವುದು, ಸಿರಿಂಜಿನಿಂದ ಟ್ಯೂಬಿಗೆ ಜೋರಾಗಿ ಚಿಮ್ಮಿಸುವುದು, ಟ್ಯೂಬನ್ನು ನೇರವಾಗಿ ಮಂಜುಗಡ್ಡೆಗೆ ತಾಗಿಸುವುದು, ಇವೆಲ್ಲ ಕಣಗಳನ್ನು ಒಡೆಯುತ್ತವೆ. ಇದು ಎಷ್ಟು ದೊಡ್ಡ ಸಂಗತಿ ಎಂದರೆ, ಕೆಂಪು ಕಣದೊಳಗೆ ಗ್ಲುಟಾಥಯೋನ್ ಮಿಲಿಮೋಲಾರ್ ಮಟ್ಟದಲ್ಲಿದೆ, ಪ್ಲಾಸ್ಮಾದಲ್ಲಿ ಕೆಲವೇ ಮೈಕ್ರೋಮೋಲಾರ್. ಸಾವಿರ ಪಟ್ಟಿನಷ್ಟು ವ್ಯತ್ಯಾಸ ಇರುವಲ್ಲಿ ನೂರರಲ್ಲಿ ಒಂದು ಕಣ ಒಡೆದರೂ ಪ್ಲಾಸ್ಮಾದ ಓದು ಹಾಳಾಯಿತು. ಕಣ್ಣಿಗೆ ಕೆಂಪು ಕಾಣದಿದ್ದರೂ ಪ್ಲಾಸ್ಮಾವನ್ನು 414 ನ್ಯಾನೋಮೀಟರಿನಲ್ಲಿ ಓದಿ ಹಿಮೋಗ್ಲೋಬಿನ್ ಸೋರಿದೆಯೇ ಎಂದು ನೋಡುವ ಅಭ್ಯಾಸ ಮಾಡಿಕೊಳ್ಳಿ. ಎಷ್ಟರ ಮೇಲೆ ಹೋದರೆ ಮಾದರಿಯನ್ನು ಬಿಡುತ್ತೇವೆ ಎಂಬುದನ್ನು ಅಧ್ಯಯನ ಶುರುವಾಗುವ ಮೊದಲೇ ಬರೆದಿಡಿ.

ಗ್ಲುಟಾಥಯೋನ್ ಅನುಪಾತ ಅಳೆಯುವುದಾದರೆ ರಕ್ತ ತೆಗೆದ ಕ್ಷಣದಲ್ಲೇ ಎನ್-ಈಥೈಲ್‌ಮಲಿಮೈಡ್‌ನಂಥ ವಸ್ತುವಿನಿಂದ ಅದರ ಗಂಧಕದ ತುದಿಯನ್ನು ಮುಚ್ಚಬೇಕು. ಆರೋಗ್ಯವಂತರ ಕೆಂಪು ಕಣದಲ್ಲಿ ಉತ್ಕರ್ಷಿತ ರೂಪ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಮುಚ್ಚದೆ ಆಮ್ಲ ಸೇರಿಸಿದರೆ ಆ ಹೊತ್ತಿನಲ್ಲೇ ಹೊಸದಾಗಿ ಹುಟ್ಟುವ ಉತ್ಕರ್ಷಿತ ರೂಪ ಇದ್ದದ್ದನ್ನು ಮೀರಿಸುತ್ತದೆ. ಮುಂದೆ ಗ್ಲುಟಾಥಯೋನ್ ರಿಡಕ್ಟೇಸ್ ಕಿಣ್ವ ಬಳಸುವ ವಿಧಾನ ನಿಮ್ಮದಾದರೆ ಉಳಿದ ಎನ್-ಈಥೈಲ್‌ಮಲಿಮೈಡ್ ಅನ್ನು ತೆಗೆದುಹಾಕಲೇಬೇಕು, ಇಲ್ಲದಿದ್ದರೆ ಅದು ಕಿಣ್ವವನ್ನೇ ಕೆಡಿಸುತ್ತದೆ.

ನಾಲ್ಕನೆಯ ಹೆಜ್ಜೆ: ಗದಗದಿಂದ, ಹಾವೇರಿಯಿಂದ ಮಾದರಿ ತರುವುದು

ಗದಗದಿಂದ ಹುಬ್ಬಳ್ಳಿಗೆ ಸುಮಾರು 60 ಕಿಲೋಮೀಟರ್, ಹಾವೇರಿಯಿಂದ ಸುಮಾರು 75. ಏಪ್ರಿಲ್ ಬಿಸಿಲಿನಲ್ಲಿ ಇಡೀ ರಕ್ತದ ಟ್ಯೂಬುಗಳನ್ನು ಬೈಕಿನಲ್ಲಿಯೋ ಬಸ್ಸಿನಲ್ಲಿಯೋ ಕುಲುಕಿಸುತ್ತ ತರುವುದನ್ನು ನಾನು ಒಪ್ಪುವುದಿಲ್ಲ. ಪ್ಲಾಸ್ಮಾವನ್ನು ರಕ್ತ ತೆಗೆದ ಜಾಗದಲ್ಲೇ ಬೇರ್ಪಡಿಸಿ. ಅರ್ಧ ಗಂಟೆಯೊಳಗೆ, 4 ಡಿಗ್ರಿಯಲ್ಲಿ, 1,500 ಜಿ (ಗುರುತ್ವದ 1,500 ಪಟ್ಟು) ಬಲದಲ್ಲಿ 10ರಿಂದ 15 ನಿಮಿಷ ಸೆಂಟ್ರಿಫ್ಯೂಜ್ ತಿರುಗಿಸಿದರೆ ಸಾಕು. ತಂಪು ಸೆಂಟ್ರಿಫ್ಯೂಜ್ ಇಲ್ಲದ ಆಸ್ಪತ್ರೆಯಲ್ಲಿ ಅದರ ಬಕೆಟ್‌ಗಳನ್ನು ಹಿಂದಿನ ರಾತ್ರಿಯೇ ಫ್ರಿಜ್‌ನಲ್ಲಿಟ್ಟು ಬೆಳಿಗ್ಗೆ ಬಳಸಿ. ಪ್ಲಾಸ್ಮಾ ಎತ್ತುವಾಗ ಕೆಳಗಿನ ಬಿಳಿ ಪದರಕ್ಕೆ ಪಿಪೆಟ್ ತಾಗಬಾರದು, ಮೇಲಿನ ಮುಕ್ಕಾಲು ಭಾಗಕ್ಕೆ ತೃಪ್ತರಾಗಿ.

ಕೊಬ್ಬಿನ ಸೂಚಕಕ್ಕಿಟ್ಟ ಪಾಲಿಗೆ ಕೂಡಲೇ ಉತ್ಕರ್ಷಣೆ ತಡೆಯುವ ಬಿಎಚ್‌ಟಿ ಎಂಬ ರಾಸಾಯನಿಕ ಸೇರಿಸಿ, ನಿಮ್ಮ ವಿಧಾನ ಹೇಳಿದಷ್ಟೇ ಪ್ರಮಾಣದಲ್ಲಿ, ರೋಗಿಗೂ ಹೋಲಿಕೆಯವರಿಗೂ ಒಂದೇ ಬಗೆಯಲ್ಲಿ. ಅರ್ಧ ಮಿಲಿಲೀಟರಿನೊಳಗಿನ ಸಣ್ಣ ಸಣ್ಣ ಟ್ಯೂಬುಗಳಿಗೆ ಹಂಚಿಡಿ. ಒಂದು ಪರೀಕ್ಷೆಗೆ ಒಂದು ಟ್ಯೂಬ್. ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬಾರದು. ಸಾಗಣೆಗೆ ಡ್ರೈ ಐಸ್ ಸಿಕ್ಕರೆ ಅದು ಮೈನಸ್ 78 ಡಿಗ್ರಿಯಲ್ಲಿರುತ್ತದೆ, ಚಿಂತೆಯಿಲ್ಲ. ಸಿಗದಿದ್ದರೆ, ಅರ್ಧ ಹೆಪ್ಪುಗಟ್ಟಿ ಅರ್ಧ ಕರಗುವ ಸ್ಥಿತಿಗಿಂತ ಹೆಪ್ಪುಗಟ್ಟಿಸದ ಪ್ಲಾಸ್ಮಾವನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಎರಡು ಗಂಟೆಯೊಳಗೆ ಹುಬ್ಬಳ್ಳಿ ಸೇರಿಸುವುದನ್ನೇ ನಾನು ಆರಿಸಿಕೊಳ್ಳುತ್ತೇನೆ. ಹೋಲಿಕೆಯ ಗುಂಪಿನ ಮಾದರಿಗಳೂ ಅದೇ ದಾರಿಯಲ್ಲಿ, ಅದೇ ಪೆಟ್ಟಿಗೆಯಲ್ಲಿ, ಅಷ್ಟೇ ಹೊತ್ತು ಪ್ರಯಾಣಿಸಬೇಕು. ರೋಗಿಗಳು ಗದಗದವರು, ಆರೋಗ್ಯವಂತರು ಲ್ಯಾಬಿನ ಪಕ್ಕದ ಹಾಸ್ಟೆಲಿನವರು ಎಂದಾದರೆ ನೀವು ಅಳೆದದ್ದು ರಸ್ತೆಯನ್ನು.

ಕೊನೆಯ ನೆಲೆ ಮೈನಸ್ 80 ಡಿಗ್ರಿಯ ಫ್ರೀಜರ್. ಮೈನಸ್ 20ರಲ್ಲಿ ಇಟ್ಟ ಪ್ಲಾಸ್ಮಾದಲ್ಲಿ ಐಸೊಪ್ರೊಸ್ಟೇನ್ ಹುಟ್ಟುತ್ತಲೇ ಇರುತ್ತದೆ. ಮೂತ್ರಕ್ಕೆ ಮಾತ್ರ ಅಷ್ಟು ಭಯವಿಲ್ಲ. ಕರೆಂಟ್ ಹೋದಾಗ ಜನರೇಟರ್ ಆ ಸಾಲಿಗೂ ಬರುತ್ತದೆಯೇ ಎಂದು ಎಲೆಕ್ಟ್ರಿಷಿಯನ್ ಜೊತೆ ನಿಂತು ಖಚಿತಪಡಿಸಿಕೊಳ್ಳಿ. ದಿನಕ್ಕೆರಡು ಸಲ ತಾಪಮಾನ ಬರೆಯುವ ಪುಸ್ತಕ ಇರಲಿ, ಪ್ರತಿ ವ್ಯಕ್ತಿಯ ಟ್ಯೂಬುಗಳನ್ನು ಎರಡು ಫ್ರೀಜರ್‌ಗಳಿಗೆ ಹಂಚಿಡಿ.

ಐದನೆಯ ಹೆಜ್ಜೆ: ಪರೀಕ್ಷೆ ಮತ್ತು ಲೆಕ್ಕ

ಗುಲಾಬಿ ಬಣ್ಣದ ಪರೀಕ್ಷೆಯ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ ನೋಡಿ. ಆ ಬಣ್ಣದ ಮೋಲಾರ್ ಹೀರಿಕೆ ಗುಣಾಂಕ 1,56,000. ಅಂದರೆ ಒಂದು ಸೆಂಟಿಮೀಟರ್ ಕ್ಯುವೆಟ್‌ನಲ್ಲಿ 1 ಮೈಕ್ರೋಮೋಲಾರ್ ದ್ರಾವಣ 0.156 ಓದು ಕೊಡುತ್ತದೆ. 0.25 ಮಿಲಿಲೀಟರ್ ಪ್ಲಾಸ್ಮಾ ತೆಗೆದುಕೊಂಡು ಒಟ್ಟು 2 ಮಿಲಿಲೀಟರ್ ಮಾಡಿದ್ದೀರಿ, ಮಾದರಿಯ ಓದು 0.092, ಬ್ಲ್ಯಾಂಕ್ (ಮಾದರಿಯಿಲ್ಲದ ಟ್ಯೂಬ್) 0.014 ಎಂದಿಟ್ಟುಕೊಳ್ಳಿ. ವ್ಯತ್ಯಾಸ 0.078. ಅದನ್ನು 0.156ರಿಂದ ಭಾಗಿಸಿದರೆ 0.5, ಎಂಟು ಪಟ್ಟು ತೆಳುವಾಗಿಸಿದ್ದರಿಂದ ಗುಣಿಸಿದರೆ 4 ಮೈಕ್ರೋಮೋಲಾರ್. ಓದಿನಲ್ಲಿ 0.02 ತಪ್ಪಿದರೆ ಉತ್ತರದಲ್ಲಿ 1 ಮೈಕ್ರೋಮೋಲಾರ್ ತಪ್ಪುತ್ತದೆ ಎಂಬುದು ಈ ಲೆಕ್ಕದಿಂದ ತಾನೇ ಕಾಣುತ್ತದೆ. ಪ್ಲಾಸ್ಮಾ ಹಾಲಿನಂತೆ ಕಲಕಿದ್ದರೆ ಅಷ್ಟು ತಪ್ಪಲು ಕಷ್ಟವೇನಿಲ್ಲ. ಹಾಗಾಗಿ ಪ್ರತಿ ಮಾದರಿಗೂ ಥಯೋಬಾರ್ಬಿಟ್ಯೂರಿಕ್ ಆಮ್ಲವಿಲ್ಲದ ಅದರದೇ ಬ್ಲ್ಯಾಂಕ್ ಇಡಿ. ಕಾಯಿಸುವಾಗಲೂ ಬಿಎಚ್‌ಟಿ ಇರಲಿ. ಮೈಕ್ರೋಪ್ಲೇಟಿನಲ್ಲಿ ಓದುವವರು ಈ ಗುಣಾಂಕವನ್ನು ನೇರವಾಗಿ ಬಳಸಬಾರದು. ಅಲ್ಲಿ ಬೆಳಕು ಸಾಗುವ ದೂರ ಒಂದು ಸೆಂಟಿಮೀಟರ್ ಇರುವುದಿಲ್ಲ, ಆದ್ದರಿಂದ ಒಡೆದಾಗ ಎಂಡಿಎ ಕೊಡುವ ಟೆಟ್ರಾಮಿಥಾಕ್ಸಿಪ್ರೊಪೇನ್‌ನಿಂದ ಮಾಡಿದ ಮಾನಕ ರೇಖೆ ಬೇಕು.

ಕಾರ್ಬೊನಿಲ್‌ಗೆ ಅದರೊಂದಿಗೆ ಸೇರಿ ಬಣ್ಣ ಕೊಡುವ ಡಿಎನ್‌ಪಿಎಚ್ ಎಂಬ ರಾಸಾಯನಿಕ ಬಳಸಿ 370 ನ್ಯಾನೋಮೀಟರಿನಲ್ಲಿ ಓದಿ; ಗುಣಾಂಕ 22,000. ಓದಿನ ವ್ಯತ್ಯಾಸ 0.044, ಕೊನೆಯ ದ್ರಾವಣದಲ್ಲಿ ಪ್ರೋಟೀನ್ ಮಿಲಿಲೀಟರಿಗೆ 4 ಮಿಲಿಗ್ರಾಂ ಇದ್ದರೆ ಉತ್ತರ ಪ್ರತಿ ಮಿಲಿಗ್ರಾಂ ಪ್ರೋಟೀನಿಗೆ 0.5 ನ್ಯಾನೋಮೋಲ್. ಎಥನಾಲ್ ಮತ್ತು ಈಥೈಲ್ ಅಸಿಟೇಟ್‌ನಲ್ಲಿ ತೊಳೆಯುವಾಗ ಪ್ರೋಟೀನ್ ಕಳೆದುಹೋಗುತ್ತದೆ, ಆದ್ದರಿಂದ ಪ್ರೋಟೀನನ್ನು ತೊಳೆದ ನಂತರವೇ ಅಳೆಯಬೇಕು.

ಕೆಂಪು ಕಣದ ಕಿಣ್ವಗಳನ್ನು ಪ್ರತಿ ಗ್ರಾಂ ಹಿಮೋಗ್ಲೋಬಿನ್‌ಗೆ ಬರೆಯಿರಿ. ನಮ್ಮ ಹಳ್ಳಿಗಳ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ವ್ಯಾಪಕವಾಗಿದೆ. ಪ್ರತಿ ಮಿಲಿಲೀಟರ್ ರಕ್ತಕ್ಕೆ ಲೆಕ್ಕ ಹಾಕಿದರೆ ಕಿಣ್ವ ಕಡಿಮೆಯಿದೆಯೋ ಕಣಗಳೇ ಕಡಿಮೆಯೋ ತಿಳಿಯದು. ಕಬ್ಬಿಣದ ಚಿಕಿತ್ಸೆ ಶುರುವಾದವರಲ್ಲಿ ಎಳೆಯ ಕಣಗಳು ಹೆಚ್ಚಿ, ಅವುಗಳೊಂದಿಗೆ ಕಿಣ್ವವೂ ಹೆಚ್ಚು ಕಾಣುತ್ತದೆ ಎಂಬುದೂ ನೆನಪಿರಲಿ.

ಮೂತ್ರದ ಫಲಿತಾಂಶವನ್ನು ಕ್ರಿಯಾಟಿನಿನ್‌ಗೆ ಹೋಲಿಸಿ ಬರೆಯುವುದು ವಾಡಿಕೆ. ಮಾಂಸಖಂಡ ಕರಗಿದ ವೃದ್ಧರಲ್ಲಿ, ಮೂತ್ರಪಿಂಡ ಸೋತವರಲ್ಲಿ ಆ ಛೇದವೇ ಅಲುಗಾಡುತ್ತದೆ, ಆಗ ಸಾಪೇಕ್ಷ ಸಾಂದ್ರತೆಯಿಂದಲೂ ತಿದ್ದಿ ನೋಡಿ ಎರಡನ್ನೂ ವರದಿ ಮಾಡಿ. ಫ್ರೀಜರಿನಿಂದ ತೆಗೆದ ಮೂತ್ರದ ತಳದಲ್ಲಿ ಗಸಿ ಕಂಡರೆ ಸೋಸಿ ಎಸೆಯಬೇಡಿ. 8-ಆಕ್ಸೊ-ಡಿಆಕ್ಸಿಗ್ವಾನೋಸಿನ್ ಅದರಲ್ಲಿ ಸಿಲುಕಿರಬಹುದು. 37 ಡಿಗ್ರಿಗೆ ಬೆಚ್ಚಗಾಗಿಸಿ ಕದಡಿದರೆ ಮರಳಿ ಕರಗುತ್ತದೆ.

ಆರನೆಯ ಹೆಜ್ಜೆ: ನಿಮ್ಮ ಸಂಖ್ಯೆಯನ್ನು ನೀವೇ ಪರೀಕ್ಷಿಸಿ

ಅಧ್ಯಯನ ಶುರುವಾಗುವ ಮೊದಲು ಕೆಲವು ಸ್ವಯಂಸೇವಕರ ಪ್ಲಾಸ್ಮಾ ಒಟ್ಟುಗೂಡಿಸಿ ಸಣ್ಣ ಟ್ಯೂಬುಗಳಲ್ಲಿ ಮೈನಸ್ 80ರಲ್ಲಿಡಿ. ಪರೀಕ್ಷೆಯ ಪ್ರತಿ ಸುತ್ತಿನಲ್ಲೂ ಅದರದೊಂದು ಟ್ಯೂಬ್ ಸೇರಿಸಿ ಓದಿ. ಒಂದೇ ಸುತ್ತಿನೊಳಗಿನ ವ್ಯತ್ಯಾಸ ಶೇಕಡಾ 10, ಸುತ್ತಿನಿಂದ ಸುತ್ತಿಗೆ ಶೇಕಡಾ 15 ಮೀರಿದರೆ ರೋಗಿಗಳ ಮಾದರಿಗೆ ಕೈ ಹಚ್ಚಬೇಡಿ. ಗೊತ್ತಿರುವಷ್ಟು ಮಾನಕವನ್ನು ಪ್ಲಾಸ್ಮಾಕ್ಕೆ ಸೇರಿಸಿ, ಅದರಲ್ಲಿ ಎಷ್ಟು ಪಾಲು ಮರಳಿ ಸಿಗುತ್ತದೆ ಎಂದು ನೋಡಿ.

ಪ್ರತಿ ಸುತ್ತಿನಲ್ಲಿ ರೋಗಿಗಳೂ ಹೋಲಿಕೆಯವರೂ ಬೆರೆತಿರಬೇಕು. ಸೋಮವಾರ ರೋಗಿಗಳು, ಶುಕ್ರವಾರ ಆರೋಗ್ಯವಂತರು ಎಂದು ಮಾಡಿದ ಅಧ್ಯಯನವನ್ನು ಯಾವ ಅಂಕಿಅಂಶ ಶಾಸ್ತ್ರವೂ ಉಳಿಸಲಾರದು. ಟ್ಯೂಬಿನ ಮೇಲೆ ಸಂಕೇತ ಸಂಖ್ಯೆ ಮಾತ್ರ ಇರಲಿ, ಓದುವವರಿಗೆ ಯಾವುದು ಯಾರದ್ದೆಂದು ತಿಳಿಯಬಾರದು. ಈ ಸಂಖ್ಯೆಗಳು ಸಾಮಾನ್ಯವಾಗಿ ಒಂದು ಕಡೆಗೆ ವಾಲಿರುತ್ತವೆ. ಲಾಗರಿದಮ್ ತೆಗೆದು ವಿಶ್ಲೇಷಿಸಿ, ಇಲ್ಲವೇ ಮಧ್ಯಾಂಕ ಕೊಡಿ.

ಏಳನೆಯ ಹೆಜ್ಜೆ: ಓದಿಕೊಳ್ಳುವುದು, ರೋಗಿಗೆ ಹೇಳುವುದು

ಫ್ರಾಪ್ ಪರೀಕ್ಷೆಯನ್ನು 1996ರಲ್ಲಿ ಬೆಂಜಿ ಮತ್ತು ಸ್ಟ್ರೇನ್ ಪರಿಚಯಿಸಿದರು. ಪ್ಲಾಸ್ಮಾದಲ್ಲಿ ಅದರ ಓದಿನ ಅರ್ಧಕ್ಕೂ ಹೆಚ್ಚು ಪಾಲು ಬರುವುದು ಯೂರಿಕ್ ಆಮ್ಲದಿಂದ. ಹಿಂದೆ ಕಿಮ್ಸ್ ಎನ್ನುತ್ತಿದ್ದ ಹುಬ್ಬಳ್ಳಿಯ ಕೆಎಂಸಿಆರ್‌ಐನಂಥ ದೊಡ್ಡ ಆಸ್ಪತ್ರೆಯ ಡಯಾಲಿಸಿಸ್ ವಿಭಾಗದಲ್ಲಿ ಈ ಪರೀಕ್ಷೆ ಮಾಡಿದರೆ ರೋಗಿಗಳ ‘ನಿರೋಧಕ ಶಕ್ತಿ’ ಆರೋಗ್ಯವಂತರಿಗಿಂತ ಹೆಚ್ಚು ಕಾಣಬಹುದು. ಅದು ಶಕ್ತಿಯಲ್ಲ, ಮೂತ್ರಪಿಂಡ ಹೊರಹಾಕಲಾಗದೆ ಉಳಿದ ಯೂರಿಕ್ ಆಮ್ಲ. ಫ್ರಾಪ್ ಅಳೆದವರು ಯೂರಿಕ್ ಆಮ್ಲವನ್ನೂ ಅಳೆಯಲೇಬೇಕು. ಸೂಪರಾಕ್ಸೈಡ್ ಡಿಸ್ಮ್ಯುಟೇಸ್‌ನ ಯೂನಿಟ್ ಒಂದು ಕಿಟ್‌ನಿಂದ ಇನ್ನೊಂದಕ್ಕೆ ಬದಲಾಗುವುದರಿಂದ ಬೇರೆಯವರ ಪ್ರಕಟಿತ ಸಂಖ್ಯೆಯೊಂದಿಗೆ ನಿಮ್ಮದನ್ನು ನೇರವಾಗಿ ತೂಗಬೇಡಿ.

ರೋಗಿಗಳಲ್ಲಿ ಸೂಚಕ ಹೆಚ್ಚಿದೆ ಎಂದರೆ ಉತ್ಕರ್ಷಣೆಯೇ ರೋಗ ತಂದಿತು ಎಂದಾಗುವುದಿಲ್ಲ. ಸತ್ತ ಅಂಗಾಂಶವೂ ಉರಿಯೂತವೂ ಉತ್ಕರ್ಷಣೆಯನ್ನು ಹೆಚ್ಚಿಸುತ್ತವೆ. ರೋಗ ಮೊದಲು, ಒತ್ತಡ ಆಮೇಲೆ ಬಂದಿರಬಹುದು. ಇದನ್ನು ಒತ್ತಿ ಹೇಳಲು ಕಾರಣವಿದೆ. ಫಿನ್ಲೆಂಡಿನಲ್ಲಿ 29,133 ಮಂದಿ ಧೂಮಪಾನಿ ಪುರುಷರ ಮೇಲೆ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಬಂದಾಗ, ಉತ್ಕರ್ಷಣ ನಿರೋಧಕವೆಂದು ಬೀಟಾ ಕ್ಯಾರೊಟಿನ್ ಕೊಟ್ಟವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡಾ 18ರಷ್ಟು ಹೆಚ್ಚಿತ್ತು. ಅಮೆರಿಕದ ಇಂಥದೇ ಇನ್ನೊಂದು ಪ್ರಯೋಗವನ್ನು 1996ರಲ್ಲಿ ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. ಪ್ಲಾಸ್ಮಾದ ಒಂದು ಸಂಖ್ಯೆಯನ್ನು ತಿದ್ದಿದ ಮಾತ್ರಕ್ಕೆ ಮನುಷ್ಯ ಗುಣವಾಗುತ್ತಾನೆ ಎಂದು ಯಾರೂ ಭಾವಿಸಬಾರದು.

ಅಧ್ಯಯನಕ್ಕೆ ರಕ್ತ ಕೊಟ್ಟವರು ವಾರದ ನಂತರ ಬಂದು ‘ನನ್ನ ರಿಪೋರ್ಟ್ ಹೇಗಿದೆ ಸರ್’ ಎಂದು ಕೇಳಿಯೇ ಕೇಳುತ್ತಾರೆ. ಅವರಿಗೆ ಸಕ್ಕರೆ, ಹಿಮೋಗ್ಲೋಬಿನ್, ಕ್ರಿಯಾಟಿನಿನ್, ರಕ್ತದೊತ್ತಡದ ವರದಿ ಕೊಡಿ, ಅವುಗಳ ಅರ್ಥವನ್ನು ಕುಳಿತು ವಿವರಿಸಿ. ಎಂಡಿಎ ಅಥವಾ ಐಸೊಪ್ರೊಸ್ಟೇನ್‌ಗೆ ಒಬ್ಬ ವ್ಯಕ್ತಿಯ ಮಟ್ಟದಲ್ಲಿ ಎಲ್ಲರೂ ಒಪ್ಪಿದ ಸಾಮಾನ್ಯ ಮಿತಿಯಿಲ್ಲ. ಆ ಸಂಖ್ಯೆಯನ್ನು ಕೈಗೆ ಕೊಟ್ಟರೆ ಅವರು ಅದನ್ನು ಹಿಡಿದುಕೊಂಡು ಔಷಧಿ ಅಂಗಡಿಯಲ್ಲಿ ದುಬಾರಿ ಆ್ಯಂಟಿಆಕ್ಸಿಡೆಂಟ್ ಮಾತ್ರೆ ಕೊಳ್ಳುತ್ತಾರೆ. ತಂಬಾಕು ಬಿಡಲು ಸಹಾಯ ಬೇಕೆಂದವರನ್ನು ಅದೇ ದಿನ ಆಪ್ತ ಸಲಹಾ ಕೇಂದ್ರಕ್ಕೆ ಕಳುಹಿಸಿ. ಧೂಮಪಾನ ಬಿಟ್ಟವರಲ್ಲಿ ಮೂತ್ರದ ಐಸೊಪ್ರೊಸ್ಟೇನ್ ಕೆಲವೇ ವಾರಗಳಲ್ಲಿ ಇಳಿಯುತ್ತದೆ.

ಪ್ರಬಂಧ ಬರೆಯುವಾಗ ವಿಧಾನದ ಅಧ್ಯಾಯದಲ್ಲಿ ಇಷ್ಟನ್ನು ಬಿಡದೆ ಸೇರಿಸಿ: ಯಾವ ಟ್ಯೂಬ್, ಉಪವಾಸ ಎಷ್ಟು ಗಂಟೆ, ರಕ್ತ ತೆಗೆದು ಸೆಂಟ್ರಿಫ್ಯೂಜ್‌ಗೆ ಇಡುವವರೆಗಿನ ನಿಮಿಷಗಳು, ಸಾಗಣೆಯ ಬಗೆ ಮತ್ತು ಅವಧಿ, ಫ್ರೀಜರಿನಲ್ಲಿ ಕಳೆದ ತಿಂಗಳುಗಳು, ರಕ್ತಕಣ ಒಡೆದದ್ದಕ್ಕಾಗಿ ಬಿಟ್ಟ ಮಾದರಿಗಳ ಸಂಖ್ಯೆ, ಸುತ್ತಿನೊಳಗಿನ ಮತ್ತು ಸುತ್ತುಗಳ ನಡುವಿನ ವ್ಯತ್ಯಾಸದ ಶೇಕಡಾವಾರು. ಕಿಟ್ ಬಳಸಿದ್ದರೆ ಅದರ ಬ್ಯಾಚ್ ಸಂಖ್ಯೆಯೂ ಇರಲಿ, ಅಧ್ಯಯನದ ನಡುವೆ ಬ್ಯಾಚ್ ಬದಲಾಗಿದ್ದರೆ ಎರಡರಲ್ಲೂ ಓದಿದ ಒಂದೇ ಮಾದರಿಯ ಫಲಿತಾಂಶವನ್ನು ಪಕ್ಕಪಕ್ಕದಲ್ಲಿ ಕೊಡಿ.